ಬಸ್ ನಿಲ್ದಾಣದ ಬೇವಿನ ಸಾಲು ಮತ್ತು ಗಾಲಿಕುರ್ಚಿಯ ದಾರಿ

ಪ್ರಶ್ನೆ: ನಮ್ಮದು ಕಲಬುರಗಿ ಜಿಲ್ಲೆಯ ಒಂದು ತಾಲ್ಲೂಕು ಕೇಂದ್ರ. ಹಳೆಯ ಬಸ್ ನಿಲ್ದಾಣ ಕೆಡವಿ ಹೊಸದು ಕಟ್ಟಲು ತಯಾರಿ ನಡೆದಿದೆ. ಆವರಣದಲ್ಲಿ ಹದಿನಾಲ್ಕು ಮರಗಳಿವೆ. ಗೇಟಿನಿಂದ ಪ್ಲಾಟ್‌ಫಾರ್ಮಿನವರೆಗೆ ಸುಮಾರು ನೂರೈವತ್ತು ಅಡಿ ಉದ್ದಕ್ಕೆ ಎಂಟು ಬೇವಿನ ಸಾಲು, ಕಟ್ಟೆ ಕಟ್ಟಿದ ಒಂದು ಅರಳಿ, ಹಿಂದೆ ಬಸ್ಸುಗಳು ತಿರುಗುವಲ್ಲಿ ದೊಡ್ಡದೊಂದು ಹುಣಸೆ, ಗೇಟಿನ ಎರಡೂ ಬದಿಗೆ ಒಂದೊಂದು ಗುಲ್‌ಮೊಹರ್, ಮೂಲೆಯಲ್ಲಿ ಎರಡು ಸುಬಾಬುಲ್. ಮಳೆಗಾಲದಲ್ಲಿ ನೀರು ನಿಲ್ಲುತ್ತದೆಂದು ಇಡೀ ಆವರಣಕ್ಕೆ ಎರಡೂವರೆ ಅಡಿ ಮುರುಮು ತುಂಬಿ ಎತ್ತರಿಸುತ್ತಾರಂತೆ. ನನ್ನ ಯಜಮಾನರು ಗಾಲಿಕುರ್ಚಿಯಲ್ಲಿ ಓಡಾಡುವವರು, ಅತ್ತೆಗೆ ಎಪ್ಪತ್ತಾರು ವರ್ಷ, ವಾಕರ್ ಹಿಡಿದು ನಡೆಯುತ್ತಾರೆ. ಈಗಿನ ನಿಲ್ದಾಣದಲ್ಲಿ ಇಬ್ಬರಿಗೂ ದಾರಿಯಿಲ್ಲ. ಹೊಸದರಲ್ಲಾದರೂ ರ‍್ಯಾಂಪ್ ಬೇಕೆಂದು ಕೇಳಿದಾಗ ಎಂಜಿನಿಯರ್, "ಬೇವಿನ ಸಾಲು ತೆಗೆದರೆ ಮಾತ್ರ ಆಗುತ್ತದೆ, ಮರ ಬೇಕೋ ರ‍್ಯಾಂಪ್ ಬೇಕೋ ನೀವೇ ಹೇಳಿ" ಎಂದರು. ಮರಗಳನ್ನು ಬೇರೆಡೆ ನೆಡುತ್ತೇವೆ, ಆಗದಿದ್ದರೆ ಒಂದಕ್ಕೆ ಹತ್ತು ಸಸಿ ಹಾಕುತ್ತೇವೆ ಎಂದೂ ಹೇಳಿದ್ದಾರೆ. ಮರದ ಬೇರು ಕಟ್ಟಡ ಸೀಳುತ್ತದೆ ಎಂಬುದು ಅವರ ಇನ್ನೊಂದು ಕಾರಣ. ಊರಿನ ಹುಡುಗರು ಮರ ಉಳಿಸುವ ಮನವಿಗೆ ಸಹಿ ಕೇಳಿಕೊಂಡು ಬಂದಿದ್ದರು. ಸಹಿ ಮಾಡಿದರೆ ರ‍್ಯಾಂಪ್ ಕೈತಪ್ಪುತ್ತದೇನೋ ಎಂದು ಅಂಜಿ ಮಾಡಲಿಲ್ಲ. ಮಾಡದೆ ಕಳುಹಿಸಿದ್ದಕ್ಕೂ ಮನಸ್ಸಿಗೆ ಸಮಾಧಾನವಿಲ್ಲ. ನಿಜವಾಗಿಯೂ ಎರಡರಲ್ಲಿ ಒಂದನ್ನೇ ಆರಿಸಬೇಕೇ? ಯಾರಿಗೆ ಏನೆಂದು ಬರೆಯಬೇಕು?

ಉತ್ತರ: ಸಹಿ ಮಾಡಿ. ಆದರೆ ಮನವಿಯ ಒಕ್ಕಣೆಯನ್ನು ಬದಲಾಯಿಸಿ ಮಾಡಿ. ಹೇಗೆಂದು ಮುಂದೆ ಹೇಳುತ್ತೇನೆ.

ನಿಮ್ಮ ಪತ್ರವನ್ನು ಓದಿದಾಗ ನನ್ನ ಕಣ್ಣು ನಿಂತದ್ದು ಮರಗಳ ಲೆಕ್ಕದ ಮೇಲೆ ಅಲ್ಲ, 'ಎರಡೂವರೆ ಅಡಿ' ಎಂಬ ಮಾತಿನ ಮೇಲೆ. ಈ ಭಾಗದಲ್ಲಿ ನಿಲ್ದಾಣ, ಆಸ್ಪತ್ರೆ, ಕಚೇರಿ ಆವರಣಗಳ ಕೆಲಸ ಮಾಡಿರುವ ನನ್ನ ಅನುಭವದಲ್ಲಿ ಮರಕ್ಕೂ ನಡೆಯುವವರಿಗೂ ನೇರ ಜಗಳ ಬರುವುದು ಅಪರೂಪ. ನೆಲದ ಮಟ್ಟವನ್ನು ಎಷ್ಟು ಇಡಬೇಕು, ಬಸ್ಸಿಗೆ ಎಷ್ಟು ಜಾಗ, ಅಂಗಡಿಗಳಿಗೆ ಎಷ್ಟು ಜಾಗ ಎಂಬ ಮೂರು ತೀರ್ಮಾನಗಳು ಮೊದಲೇ ಆಗಿರುತ್ತವೆ. ಉಳಿದ ಪಟ್ಟಿಯಲ್ಲಿ ಮರವೂ ಮನುಷ್ಯನೂ ಸೇರಿಕೊಂಡು ತಮ್ಮತಮ್ಮಲ್ಲೇ ಹಂಚಿಕೊಳ್ಳಿ ಎಂದು ಬಿಡಲಾಗುತ್ತದೆ. ಆಮೇಲೆ ನಿಮ್ಮಂಥವರನ್ನು ಕರೆದು 'ಆರಿಸಿ' ಎನ್ನುತ್ತಾರೆ. ನಿಮ್ಮ ಎಂಜಿನಿಯರ್ ಸುಳ್ಳು ಹೇಳುತ್ತಿಲ್ಲ. ಎರಡೂವರೆ ಅಡಿ ತುಂಬುವುದು ಖಚಿತವಾದರೆ ಅವರ ಮಾತು ಬಹುಮಟ್ಟಿಗೆ ನಿಜ. ಹಾಗಾಗಿ ಪ್ರಶ್ನಿಸಬೇಕಾದದ್ದು ಆ ತುಂಬುವಿಕೆಯನ್ನೇ.

ಮಣ್ಣು ತುಂಬಿದರೆ ಮರಕ್ಕೆ ಏನಾಗುತ್ತದೆ ಎಂಬುದನ್ನು ಮೊದಲು ನೋಡೋಣ. ಮರದ ತಾಯಿಬೇರು ಪಾತಾಳಕ್ಕೆ ಇಳಿದಿರುತ್ತದೆ, ಮೇಲೆ ಎಷ್ಟು ಮಣ್ಣು ಹಾಕಿದರೂ ಅದಕ್ಕೆ ನಷ್ಟವಿಲ್ಲ ಎಂದು ನಮ್ಮಲ್ಲಿ ಬಹಳ ಜನ ನಂಬಿದ್ದಾರೆ, ಗುತ್ತಿಗೆದಾರರಂತೂ ಅದನ್ನೇ ಹೇಳುತ್ತಾರೆ. ವಾಸ್ತವದಲ್ಲಿ ದೊಡ್ಡ ಮರಕ್ಕೆ ನೀರು, ಗೊಬ್ಬರ ಎಳೆದುಕೊಡುವ ಸಣ್ಣ ಬೇರುಗಳಲ್ಲಿ ಹೆಚ್ಚಿನವು ಮೇಲಿನ ಎರಡು ಅಡಿ ಮಣ್ಣಿನಲ್ಲೇ ಹರಡಿರುತ್ತವೆ ಮತ್ತು ಕೊಂಬೆಗಳ ನೆರಳಿನ ಅಂಚನ್ನೂ ದಾಟಿ ಹೋಗಿರುತ್ತವೆ. ಬೇರಿಗೂ ಗಾಳಿ ಬೇಕು. ಎರಡೂವರೆ ಅಡಿ ಮುರುಮು ಸುರಿದು ರೋಲರ್ ಹೊಡೆಯುವುದೆಂದರೆ ಮೂಗು ಬಾಯಿಗೆ ಬಟ್ಟೆ ಒತ್ತಿ ಹಿಡಿದಂತೆ. ಮರ ಅಂದೇ ಸಾಯುವುದಿಲ್ಲ, ಅದೇ ತೊಂದರೆ. ಮೊದಲ ವರ್ಷ ಚೆನ್ನಾಗಿಯೇ ಕಾಣುತ್ತದೆ, ಎರಡನೆಯ ವರ್ಷ ತುದಿ ಕೊಂಬೆಗಳು ಒಣಗುತ್ತವೆ, ಮೂರನೆಯದೋ ನಾಲ್ಕನೆಯದೋ ಬೇಸಿಗೆಗೆ ಪೂರ್ತಿ ಹೋಗುತ್ತದೆ. ಅಷ್ಟರಲ್ಲಿ ಗುತ್ತಿಗೆದಾರನ ಹೊಣೆಯ ಅವಧಿ ಮುಗಿದು, ಫಲಕಕ್ಕೆ ಧೂಳು ಹಿಡಿದಿರುತ್ತದೆ. ಒಂದು ಆವರಣದಲ್ಲಿ 'ಉಳಿಸಿಕೊಂಡ ಮರಗಳು' ಎಂದು ಉದ್ಘಾಟನೆಯ ದಿನ ಬೋರ್ಡು ಹಾಕಿದ್ದನ್ನು ಕಂಡಿದ್ದೇನೆ. ಬೋರ್ಡು ಇನ್ನೂ ಇದೆ.

ಇನ್ನು ನೀರು. ನಿಮ್ಮ ನಿಲ್ದಾಣದಲ್ಲಿ ನೀರು ನಿಲ್ಲುವುದು ಸುಳ್ಳಲ್ಲ. ಆದರೆ ಅದು ತಗ್ಗಾದದ್ದು ಹೇಗೆ? ಮುಂದಿನ ರಸ್ತೆಗೆ ಹಳೆಯ ಡಾಂಬರನ್ನು ಕೆರೆದು ತೆಗೆಯದೆ ಮೇಲಿಂದ ಮೇಲೆ ಪದರ ಹಾಕುತ್ತಾ ಬಂದರೆ ರಸ್ತೆ ಏರುತ್ತದೆ, ಪಕ್ಕದ ಆವರಣ ತಾನಾಗಿ ತಗ್ಗಾಗುತ್ತದೆ. ನಮ್ಮ ಊರುಗಳಲ್ಲಿ ಹಳೆಯ ಮನೆಗಳ ಹೊಸ್ತಿಲು ರಸ್ತೆಗಿಂತ ಕೆಳಗಿರುವುದು ಇದೇ ಕಾರಣಕ್ಕೆ. ಈಗ ಆವರಣವನ್ನು ಎತ್ತರಿಸಿದರೆ ನೀರು ಸುತ್ತಲಿನ ಮನೆಗಳಿಗೆ ಹೋಗುತ್ತದೆ. ಜೊತೆಗೆ ನಿಮ್ಮದು ಎರೆ ಮಣ್ಣಿನ ಸೀಮೆಯಾಗಿದ್ದರೆ ನೀರು ಕೆಳಗಿಳಿಯುವುದೇ ನಿಧಾನ. ಆದ್ದರಿಂದ ಕೇಳಬೇಕಾದ ಮೊದಲ ಪ್ರಶ್ನೆ: ಊರ ಚರಂಡಿಯ ತಳ ನಿಲ್ದಾಣದ ನೆಲಕ್ಕಿಂತ ಎಷ್ಟು ಕೆಳಗಿದೆ, ಅದು ಹೂಳು ತುಂಬಿದೆಯೇ? ಚರಂಡಿ ಒಂದೆರಡು ಅಡಿ ಕೆಳಗಿದ್ದು ಕೇವಲ ಕಟ್ಟಿಕೊಂಡಿದ್ದರೆ ಇಡೀ ಆವರಣ ತುಂಬುವ ಅಗತ್ಯವೇ ಬೀಳುವುದಿಲ್ಲ. ಕಟ್ಟಡ ಮತ್ತು ಪ್ಲಾಟ್‌ಫಾರ್ಮನ್ನು ಮಾತ್ರ ಎತ್ತರಿಸಿ, ಉಳಿದ ನೆಲಕ್ಕೆ ಇಳಿಜಾರು ಕೊಟ್ಟು ನೀರನ್ನು ಚರಂಡಿಗೆ ಸಾಗಿಸಬಹುದು. ಚರಂಡಿಯೇ ಮೇಲಿದ್ದರೆ ಮಾತು ಬೇರೆ, ಆಗ ಸ್ವಲ್ಪ ತುಂಬಲೇಬೇಕು. ಆದರೂ ಬೇವಿನ ಸಾಲಿನ ಪಟ್ಟಿಯನ್ನು ಬಿಟ್ಟು ತುಂಬಬಹುದು.

ಈಗ ನಿಮ್ಮ ಯಜಮಾನರ ದಾರಿಗೆ ಬರುತ್ತೇನೆ. ರ‍್ಯಾಂಪಿನ ಲೆಕ್ಕ ಸರಳವಾದದ್ದು, ಯಾರಾದರೂ ಹಾಕಬಹುದು. ನಮ್ಮ ದೇಶದ ಮಾನದಂಡದಲ್ಲಿ ಒಂದು ಅಡಿ ಏರಲು ಕನಿಷ್ಠ ಹನ್ನೆರಡು ಅಡಿ ಉದ್ದ ಬೇಕು. ಎರಡೂವರೆ ಅಡಿ ಎಂದರೆ 76 ಸೆಂಟಿಮೀಟರ್, ಅದಕ್ಕೆ 9 ಮೀಟರಿಗಿಂತ ಸ್ವಲ್ಪ ಹೆಚ್ಚು. ಕೆಳಗೆ ಮತ್ತು ಮೇಲೆ ಒಂದೂವರೆ ಮೀಟರಿನ ಸಮತಟ್ಟು ಸೇರಿದರೆ 12 ಮೀಟರ್. ನನ್ನನ್ನು ಕೇಳಿದರೆ ಇಪ್ಪತ್ತಕ್ಕೆ ಒಂದರ ಇಳಿಜಾರು ಇಡಿ ಎನ್ನುತ್ತೇನೆ, ಅಂದರೆ 15 ಮೀಟರ್. ಬೇರೆಯವರ ಸಹಾಯವಿಲ್ಲದೆ ಕುರ್ಚಿ ತಳ್ಳಿಕೊಳ್ಳುವವರಿಗೆ ಹನ್ನೆರಡಕ್ಕೆ ಒಂದು ನಿಜಕ್ಕೂ ಕಷ್ಟ, ವಾಕರ್ ಹಿಡಿದ ನಿಮ್ಮ ಅತ್ತೆಯವರಿಗೂ ಕಷ್ಟ. ನಿಮ್ಮ ಗೇಟಿನಿಂದ ಪ್ಲಾಟ್‌ಫಾರ್ಮಿಗೆ ನೂರೈವತ್ತು ಅಡಿ, ಅಂದರೆ 45 ಮೀಟರ್ ಉದ್ದವಿದೆ ಎಂದು ನೀವೇ ಬರೆದಿದ್ದೀರಿ. ಅದರಲ್ಲಿ ಮೊದಲ 30 ಮೀಟರ್ ಹಳೆಯ ಮಟ್ಟದಲ್ಲೇ ನಡೆದು, ಕೊನೆಯ 15 ಮೀಟರಿನಲ್ಲಿ ನಿಧಾನವಾಗಿ ಏರಿದರೆ ಸಾಕು. ಉದ್ದ ಸಾಲದು ಎಂಬ ಮಾತಿಗೆ ಇಲ್ಲಿ ಆಸ್ಪದವಿಲ್ಲ.

ಕೊನೆಯ 15 ಮೀಟರಿನ ಪಕ್ಕದಲ್ಲೂ ಎರಡು ಮೂರು ಬೇವು ಇರುತ್ತವೆ, ಅಲ್ಲಿ ಮಣ್ಣು ತುಂಬಿ ರ‍್ಯಾಂಪ್ ಮಾಡಿದರೆ ಮತ್ತದೇ ಕಥೆ. ಅಲ್ಲಿ ರ‍್ಯಾಂಪನ್ನು ಗಿಡ್ಡ ಕಂಬಗಳ ಮೇಲೆ ಕೂರುವ ಸ್ಲ್ಯಾಬ್ ಆಗಿ ಕಟ್ಟಬೇಕು. ಕಂಬದ ಗುಂಡಿಗಳನ್ನು ಜೆಸಿಬಿಯಿಂದ ತೋಡಬಾರದು, ಹಾರೆ ಸಲಿಕೆಯಿಂದ ತೋಡಬೇಕು. ಹೆಬ್ಬೆರಳಿಗಿಂತ ದಪ್ಪದ ಬೇರು ಸಿಕ್ಕರೆ ಗುಂಡಿಯನ್ನು ಒಂದು ಅಡಿ ಅತ್ತಿತ್ತ ಸರಿಸಬೇಕು. ಸ್ಲ್ಯಾಬಿನ ಕೆಳಗೆ ಗಾಳಿಯಾಡುತ್ತದೆ, ಪಕ್ಕದಿಂದ ನೀರೂ ಹೋಗುತ್ತದೆ. ಮಣ್ಣು ತುಂಬುವುದಕ್ಕಿಂತ ಖರ್ಚು ಹೆಚ್ಚೇ. ಆದರೆ ಇಡೀ ಆವರಣಕ್ಕೆ ಎರಡೂವರೆ ಅಡಿ ಮುರುಮು ತರಿಸುವ ಲಾರಿ ಲೆಕ್ಕದ ಮುಂದೆ ಇದು ಏನೂ ಅಲ್ಲ.

ಅಗಲದ ಬಗ್ಗೆಯೂ ಒಂದು ಮಾತು. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಪಾದಚಾರಿ ಮಾರ್ಗಸೂಚಿ ಕೇಳುವುದು ಅಡ್ಡಿಯಿಲ್ಲದ 1.8 ಮೀಟರ್ ಅಗಲ, ತಲೆಯ ಮೇಲೆ 2.2 ಮೀಟರ್ ತೆರವು. ನಿಲ್ದಾಣದ ಮುಖ್ಯ ದಾರಿಗೆ ಇನ್ನೂ ಅಗಲವಿದ್ದರೆ ಒಳ್ಳೆಯದು. 'ಅಡ್ಡಿಯಿಲ್ಲದ' ಎಂಬಲ್ಲಿ ನಮ್ಮವರು ಎಡವುತ್ತಾರೆ. ಮೂರು ಮೀಟರ್ ದಾರಿ ಮಾಡಿ ನಟ್ಟನಡುವೆ ಮರ, ಅದರಾಚೆ ವಿದ್ಯುತ್ ಕಂಬ, ಪಕ್ಕದಲ್ಲಿ ಜಾಹೀರಾತು ಫಲಕ ಬಂದರೆ ಉಳಿಯುವುದು ಮೂರಡಿ. ದೃಷ್ಟಿಹೀನರಿಗಾಗಿ ಹಾಕುವ ಉಬ್ಬು ಟೈಲ್ಸ್ ಸಾಲು ನೇರವಾಗಿ ಮರದ ಕಾಂಡಕ್ಕೇ ಹೋಗಿ ಮುಟ್ಟುವುದನ್ನು ನೀವೂ ನೋಡಿರಬಹುದು. ದಾರಿಯನ್ನು ಬೇವಿನ ಸಾಲಿನ ಒಂದು ಬದಿಗೆ ಪೂರ್ತಿ ಸರಿಸಿ, ಮರಗಳ ಪಟ್ಟಿಯನ್ನು ದಾರಿಗೂ ಬಸ್ಸಿನ ಅಂಗಳಕ್ಕೂ ನಡುವಿನ ಬೇಲಿಯಾಗಿ ಇಟ್ಟುಕೊಳ್ಳಬೇಕು. ಬಸ್ ನಿಲ್ದಾಣದಲ್ಲಿ ನಡೆಯುವವರಿಗೆ ನಿಜವಾದ ಅಪಾಯ ಹಿಂದಕ್ಕೆ ಬರುವ ಬಸ್ಸಿನಿಂದ. ಎಂಟು ಮರಗಳ ಪಟ್ಟಿ ಅವರನ್ನು ಬಸ್ಸಿನ ದಾರಿಯಿಂದ ದೂರವಿಡುತ್ತದೆ.

ನೆಲಕ್ಕೆ ಏನು ಹಾಸಬೇಕು? ಕಾಂಕ್ರೀಟ್ ಬೇಡ. ಶಹಾಬಾದ್ ಕಲ್ಲು ನಮ್ಮಲ್ಲೇ ಸಿಗುತ್ತದೆ. ಅದನ್ನು ಮರಳಿನ ಹಾಸಿನ ಮೇಲೆ, ಸಂದಿಗೆ ಸಿಮೆಂಟ್ ತುಂಬದೆ ಕೂರಿಸಿದರೆ ಸಂದಿಯಿಂದ ನೀರಿಳಿಯುತ್ತದೆ, ಬೇರು ಎತ್ತಿದಾಗ ಒಂದು ಕಲ್ಲನ್ನು ತೆಗೆದು ಸರಿಪಡಿಸಬಹುದು. ಎರಡು ಎಚ್ಚರಿಕೆ ಇವೆ. ನಯ ಮಾಡಿದ ಕಲ್ಲು ಮಳೆಯಲ್ಲಿ ಜಾರುತ್ತದೆ, ಒರಟು ಮುಖದ್ದೇ ಬೇಕು. ಸಂದಿ ಒಂದು ಸೆಂಟಿಮೀಟರ್ ಮೀರಿದರೆ ಕುರ್ಚಿಯ ಮುಂದಿನ ಸಣ್ಣ ಚಕ್ರ ಸಿಕ್ಕಿಕೊಳ್ಳುತ್ತದೆ. ಬುಡಕ್ಕೆ ಕಬ್ಬಿಣದ ಜಾಲರಿ ಹಾಕುವುದಾದರೆ ಅದರ ಕಂಡಿಗಳಿಗೂ ಇದೇ ನಿಯಮ. ಕಾಂಡದ ಸುತ್ತ ಮಣ್ಣು ತೆರೆದಿರಬೇಕು. ದೆಹಲಿಯ ಮರಗಳ ವಿಷಯದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2013ರಲ್ಲೇ ಬುಡದ ಸುತ್ತ ಒಂದು ಮೀಟರ್ ಕಾಂಕ್ರೀಟ್ ಇರಕೂಡದೆಂದು ಹೇಳಿತ್ತು. ದೊಡ್ಡ ಬೇವಿಗೆ ಅದು ಕನಿಷ್ಠ ಮಾತ್ರ.

ಮರಕ್ಕೆ ನಿಜವಾಗಿ ಎಷ್ಟು ಜಾಗ ಬೇಕು ಎಂದು ಕೇಳಿದರೆ, ಎದೆಮಟ್ಟದಲ್ಲಿ ಕಾಂಡದ ಅಡ್ಡಳತೆಯ ಹನ್ನೆರಡು ಪಟ್ಟು ದೂರವನ್ನು ಸುತ್ತಲೂ ಬೇರಿನ ರಕ್ಷಣಾ ವಲಯವೆಂದು ಲೆಕ್ಕ ಹಾಕುವುದು ರೂಢಿ. ಸುತ್ತಳತೆ ಆರು ಅಡಿ ಇರುವ ಬೇವಿನ ಅಡ್ಡಳತೆ ಸುಮಾರು 60 ಸೆಂಟಿಮೀಟರ್, ಅದಕ್ಕೆ 7 ಮೀಟರ್ ವಲಯ ಬರುತ್ತದೆ. ಊರ ನಡುವಿನ ನಿಲ್ದಾಣದಲ್ಲಿ ಇದು ಪೂರ್ತಿ ಸಿಗುವುದಿಲ್ಲ ಎಂಬುದು ನನಗೂ ಗೊತ್ತು. ಹತ್ತಿರದ ಮೂರು ಮೀಟರಿನಲ್ಲಿ ಅಗೆಯಲೇಬಾರದು, ಅದರಾಚೆ ಒಂದು ಬದಿಯಲ್ಲಿ ಬೇಕಾದರೆ ಬಿಟ್ಟುಕೊಡೋಣ, ನಾಲ್ಕೂ ಬದಿಯಲ್ಲಿ ಬೇಡ ಎಂಬಲ್ಲಿಗೆ ನಾನು ರಾಜಿಯಾಗುತ್ತೇನೆ. ಎರಡು ಬದಿಯ ಬೇರು ಕಡಿದ ಮರವನ್ನು ಉಳಿಸಿಕೊಳ್ಳುವುದು ಕಡಿಯುವುದಕ್ಕಿಂತ ಕೆಟ್ಟದ್ದು. ಮೇ ತಿಂಗಳ ಬಿರುಗಾಳಿಗೆ ಅದು ಯಾರ ತಲೆಯ ಮೇಲೆ ಬೀಳುತ್ತದೋ ಹೇಳಲಾಗದು.

ಬೇರು ಕಟ್ಟಡ ಸೀಳುತ್ತದೆ ಎಂಬ ಹೆದರಿಕೆಯಲ್ಲಿ ಅರ್ಧ ಸತ್ಯವಿದೆ. ಗಟ್ಟಿಯಾದ ತಳಪಾಯವನ್ನು ಬೇರು ನೂಕಿ ಒಡೆಯುವುದು ಬಹಳ ಕಡಿಮೆ. ಎರೆ ಮಣ್ಣಿನಲ್ಲಿ ಆಗುವುದು ಬೇರೆ. ಆ ಮಣ್ಣು ನೀರು ಕುಡಿದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಬೇಸಿಗೆಯಲ್ಲಿ ದೊಡ್ಡ ಮರ ಆ ಮಣ್ಣಿನ ತೇವವನ್ನು ಹೀರಿದಾಗ ಹತ್ತಿರದ ಆಳವಿಲ್ಲದ ತಳಪಾಯ ಕುಸಿದು ಗೋಡೆ ಬಿರುಕು ಬಿಡಬಹುದು. ಇದರ ಇನ್ನೊಂದು ಮುಖವನ್ನು ಮಾತ್ರ ಯಾರೂ ಹೇಳುವುದಿಲ್ಲ: ದಶಕಗಳಿಂದ ನೀರು ಹೀರುತ್ತಿದ್ದ ಮರವನ್ನು ಕಡಿದ ಮೇಲೆ ಆ ಜಾಗದ ಮಣ್ಣು ಮೆಲ್ಲಗೆ ತೇವ ತುಂಬಿಕೊಂಡು ಉಬ್ಬುತ್ತದೆ. ಮರ ಕಡಿದು ಅಲ್ಲೇ ಕಟ್ಟಿದ ಹೊಸ ನೆಲ ಎರಡು ಮೂರು ಮಳೆಗಾಲದಲ್ಲಿ ಎದ್ದು ಬರುವುದು ಹೀಗೆ. ಎರಡಕ್ಕೂ ಮದ್ದು ಒಂದೇ. ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಇಂಥ ಮಣ್ಣಿಗೆಂದೇ ರೂಪಿಸಿದ, ತಳದಲ್ಲಿ ಅಗಲವಾಗುವ ಅಂಡರ್‌ರೀಮ್ಡ್ ಪೈಲ್ ತಳಪಾಯವಿದೆ. ತೇವ ಏರಿಳಿಯದ ಆಳಕ್ಕೆ ಅದು ಇಳಿಯುತ್ತದೆ, ಮೇಲೆ ತೊಲೆಗಳು ಬೇರುಗಳನ್ನು ದಾಟಿ ಹೋಗುತ್ತವೆ. ಎರೆ ನೆಲದಲ್ಲಿ ಮರ ಇರಲಿ ಇಲ್ಲದಿರಲಿ ನಿಲ್ದಾಣಕ್ಕೆ ಇಂಥದ್ದೇ ಬೇಕು. ಬೀದರಿನ ಜಂಬಿಟ್ಟಿಗೆ ನೆಲದಲ್ಲೋ ಯಾದಗಿರಿಯ ಬಂಡೆ ನೆಲದಲ್ಲೋ ಈ ಮಾತು ಅಷ್ಟಾಗಿ ಅನ್ವಯಿಸದು. ನಮ್ಮ ಸರ್ಕಾರಿ ಕಟ್ಟಡಗಳನ್ನು ಬೇರಿನಿಂದ ಸೀಳುವ ಮರವೊಂದಿದೆ ನಿಜ, ಅದು ಹಕ್ಕಿಯ ಹಿಕ್ಕೆಯಿಂದ ತಾರಸಿಯ ನೀರಿನ ಕೊಳವೆಯ ಬಳಿ ಹುಟ್ಟುವ ಗೇಣುದ್ದದ ಅರಳಿ. ಅದನ್ನು ಕೀಳಲು ವರ್ಷಕ್ಕೊಮ್ಮೆ ಏಣಿ ಹತ್ತಿದರೆ ಸಾಕು, ಯಾರೂ ಹತ್ತುವುದಿಲ್ಲ.

ಮರವನ್ನು ಬೇರೆಡೆ ನೆಡುವ ಮಾತಿಗೆ ಸಮಾಧಾನಪಟ್ಟುಕೊಳ್ಳಬೇಡಿ. 60 ಸೆಂಟಿಮೀಟರ್ ದಪ್ಪದ ಬೇವನ್ನು ಬದುಕುವಂತೆ ಎತ್ತಬೇಕಾದರೆ ಐದಾರು ಮೀಟರ್ ಅಗಲದ ಮಣ್ಣಿನ ಗಡ್ಡೆ ಜೊತೆಗೆ ಬರಬೇಕು. ಒಂದು ಮೀಟರ್ ಆಳವೆಂದುಕೊಂಡರೂ ಅದರ ತೂಕ ಮೂವತ್ತು ಟನ್ ದಾಟುತ್ತದೆ. ಸಾಮಾನ್ಯವಾಗಿ ಎರಡು ಮೀಟರ್ ಗಡ್ಡೆ ಕಟ್ಟಿ, ಕೊಂಬೆಗಳನ್ನೆಲ್ಲ ಬೋಳಿಸಿ, ಕ್ರೇನಿನಲ್ಲಿ ಒಯ್ದು ಊರ ಹೊರಗೆ ನಿಲ್ಲಿಸಿ ಫೋಟೋ ತೆಗೆಯುತ್ತಾರೆ. ಸ್ಥಳಾಂತರಕ್ಕೆ ಪ್ರತ್ಯೇಕ ನೀತಿಯನ್ನೇ ಮಾಡಿದ್ದ ದೆಹಲಿ ಸರ್ಕಾರ, ಅಲ್ಲಿ ಹಾಗೆ ನೆಟ್ಟ ಮರಗಳಲ್ಲಿ ಮೂರರಲ್ಲಿ ಒಂದು ಭಾಗವಷ್ಟೇ ಬದುಕಿದೆ ಎಂದು 2022ರಲ್ಲಿ ಹೈಕೋರ್ಟಿಗೆ ತಿಳಿಸಿತು. ಆಲ, ಅರಳಿ ಜಾತಿಯವು ಸ್ಥಳಾಂತರವನ್ನು ಚೆನ್ನಾಗಿ ತಾಳುತ್ತವೆ. ವಯಸ್ಸಾದ ಹುಣಸೆ ತಾಳುವುದು ಕಷ್ಟ, ದೊಡ್ಡ ಬೇವು ಅದೃಷ್ಟದ ಮೇಲೆ. ಒಂದಕ್ಕೆ ಹತ್ತು ಸಸಿಯ ಲೆಕ್ಕವೂ ಕಾಗದದ ಮೇಲೆ ಚೆಂದ. ಆ ಸಸಿಗಳಿಗೆ ಮೂರು ಬೇಸಿಗೆ ನೀರು ಹಾಕುವವರು ಯಾರು, ಅವನ್ನು ಎಲ್ಲಿ ನೆಡುತ್ತಾರೆ ಎಂದು ಕೇಳಿ. ಊರಾಚೆಯ ಗೋಮಾಳದಲ್ಲಿ ನೂರು ಸಸಿ ಬೆಳೆದರೂ ನಿಮ್ಮ ಯಜಮಾನರು ಬಸ್ಸಿಗೆ ಕಾಯುವ ಜಾಗಕ್ಕೆ ನೆರಳು ಬರುವುದಿಲ್ಲ.

ನೆರಳಿನ ವಿಷಯವನ್ನು ನಾನು ಒತ್ತಿ ಹೇಳುತ್ತಿರುವುದಕ್ಕೆ ಕಾರಣವಿದೆ. ನಮ್ಮ ಜಿಲ್ಲೆಗಳಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 42–43 ಡಿಗ್ರಿ ಸಾಮಾನ್ಯ. ಮಧ್ಯಾಹ್ನ ಎರಡು ಗಂಟೆಗೆ ಬಿಸಿಲಿಗೆ ಬಿದ್ದ ಸ್ಟೀಲ್ ಕಂಬಿಯನ್ನು ಮುಟ್ಟಿ ನೋಡಿ, ಕೈ ಹಿಂದಕ್ಕೆ ಬರುತ್ತದೆ. ರ‍್ಯಾಂಪಿಗೆ ಎರಡೂ ಬದಿ ಕಂಬಿ ಇರಬೇಕೆಂದು ನಿಯಮ ಹೇಳುತ್ತದೆ, ಹಿಡಿಯಲಾಗದ ಕಂಬಿ ಇದ್ದೂ ಇಲ್ಲದ್ದು. ಕುರ್ಚಿಯಲ್ಲಿ ಕುಳಿತವರು ನೆಲದ ಕಾವಿಗೆ ನಮಗಿಂತ ಹತ್ತಿರವಿರುತ್ತಾರೆ. ನಿಮ್ಮ ಅತ್ತೆಯವರು ನೂರೈವತ್ತು ಅಡಿಯನ್ನು ನಿಂತು ನಿಂತು ನಡೆಯಬೇಕು, ಅಂದರೆ ಐದಾರು ನಿಮಿಷ ಬಿಸಿಲಲ್ಲಿ ಇರಬೇಕು. ತಗಡಿನ ಚಾವಣಿ ಹಾಕುತ್ತೇವೆ ಎನ್ನುತ್ತಾರೆ, ಕಾದ ತಗಡು ಕೆಳಗಿನವರ ಮೇಲೇ ಕಾವು ಸುರಿಯುತ್ತದೆ. ಎಲೆಗಳು ನೀರನ್ನು ಆವಿಯಾಗಿಸುವುದರಿಂದ ಮರದ ನೆರಳು ಹಾಗಲ್ಲ. ಬೇವು ಮಾಘ, ಫಾಲ್ಗುಣದಲ್ಲಿ ಎಲೆ ಉದುರಿಸಿ ಯುಗಾದಿಯ ಹೊತ್ತಿಗೆ ಹೊಸ ಚಿಗುರು ತುಂಬಿಕೊಂಡು ನಿಂತಿರುತ್ತದೆ, ಬಿಸಿಲು ಏರುವ ಕಾಲಕ್ಕೆ ಸರಿಯಾಗಿ. ಹಾಗಾಗಿ ಆ ಬೇವಿನ ಸಾಲು ರ‍್ಯಾಂಪಿನ ಭಾಗವೇ ಎಂದು ನಾನು ಎಣಿಸುತ್ತೇನೆ.

ಮರದಿಂದ ತೊಂದರೆ ಇಲ್ಲವೆಂದಲ್ಲ. ಬೇವಿನ ಹಣ್ಣು ಉದುರುವ ಕೆಲವು ವಾರ ಕಲ್ಲಿನ ಮೇಲೆ ಜಾರುತ್ತದೆ, ದಿನಾ ಗುಡಿಸಬೇಕು. ಕಾಗೆ, ಕೊಕ್ಕರೆ ಕೂರುವ ಕೊಂಬೆಯ ಕೆಳಗೆ ಬೆಂಚು ಹಾಕಿದರೆ ಯಾರೂ ಕೂರುವುದಿಲ್ಲ. ಬೇವು ನೀರು ನಿಂತ ನೆಲವನ್ನು ಸಹಿಸದು. ಆದ್ದರಿಂದ ಮರದ ಪಟ್ಟಿ ಹಳೆಯ ಮಟ್ಟದಲ್ಲಿದ್ದು ಸುತ್ತ ಎತ್ತರವಾದರೆ, ಆ ಪಟ್ಟಿಯಿಂದ ನೀರು ಹೊರಹೋಗಲು ಕಂಡಿಯುಳ್ಳ ಕೊಳವೆಯೊಂದು ಚರಂಡಿಗೆ ಸೇರಿರಲೇಬೇಕು. ಇದನ್ನು ಬಿಟ್ಟರೆ ಮಣ್ಣಿನಿಂದ ಉಳಿದ ಮರ ನೀರಿನಿಂದ ಸಾಯುತ್ತದೆ.

ಹದಿನಾಲ್ಕಕ್ಕೆ ಹದಿನಾಲ್ಕನ್ನೂ ಉಳಿಸಿ ಎಂಬ ಮನವಿಗೆ ನಾನು ಸಲಹೆ ಕೊಡುವುದಿಲ್ಲ. ಸುಬಾಬುಲ್ ಎರಡನ್ನೂ ಬಿಟ್ಟುಕೊಡಿ. ಅದು ಬೇಗ ಬೆಳೆಯುವ, ತನ್ನಷ್ಟಕ್ಕೆ ಹರಡುವ ಮರ, ಕಡಿಯಲು ಅನುಮತಿಯೇ ಬೇಡದ ಜಾತಿಗಳ ಪಟ್ಟಿಯಲ್ಲಿ ನೀಲಗಿರಿ, ಸರ್ವೆಗಳ ಜೊತೆ ಅದೂ ಇದೆ. ಗೇಟಿನ ಗುಲ್‌ಮೊಹರ್‌ಗಳಿಗೆ ಮೇ ತಿಂಗಳ ಹೂವಿನ ಸೊಬಗಿದ್ದರೂ ಕೊಂಬೆ ಪೊಳ್ಳಾಗಿ ಮುರಿಯುವ ಸ್ವಭಾವ, ಬಸ್ಸು ಹಾಯುವ ಗೇಟಿನಲ್ಲಿ ಅವು ನಿಲ್ಲುವುದು ನನಗೂ ಹಿತವಲ್ಲ. ನಾಲ್ಕನ್ನು ಬಿಟ್ಟು ಹತ್ತನ್ನು ಕೇಳಿದರೆ ಎದುರಿನವರೂ ನಕ್ಷೆ ಬಿಚ್ಚಿ ಕೂರುತ್ತಾರೆ.

ಅರಳಿಯನ್ನು ಯಾರೂ ಕಡಿಯುವುದಿಲ್ಲ, ಅದರ ಚಿಂತೆ ಬಿಡಿ. ಅದಕ್ಕಿರುವ ಅಪಾಯ ಭಕ್ತಿಯದು: ಕಟ್ಟೆಗೆ ಗ್ರಾನೈಟ್ ಹೊದಿಸಿ ಬುಡದವರೆಗೆ ಸಿಮೆಂಟ್ ತುಂಬುತ್ತಾರೆ. ಕಟ್ಟೆಯ ಎತ್ತರ ಒಂದೂವರೆ ಅಡಿ ಇದ್ದರೆ ವಯಸ್ಸಾದವರಿಗೆ ಕೂತು ಏಳಲು ಸರಿಯಾಗುತ್ತದೆ, ಪಕ್ಕದಲ್ಲಿ ಒಂದು ಗಾಲಿಕುರ್ಚಿ ನಿಲ್ಲುವಷ್ಟು ಸಮತಟ್ಟು ಜಾಗ ಬಿಡಿಸಿ. ಹುಣಸೆಯ ಸಮಸ್ಯೆ ಬೇರೆ. ಬಸ್ಸು ತಿರುಗಲು ಸುಮಾರು 12 ಮೀಟರ್ ತ್ರಿಜ್ಯ ಬೇಕು. ಹದಿನಾರು ಟನ್ ಬಸ್ಸುಗಳು ದಿನವಿಡೀ ಬೇರಿನ ಮೇಲೆ ಹಾಯ್ದರೆ ಮಣ್ಣು ಗಟ್ಟಿಯಾಗಿ ಬೇರು ಸಾಯುತ್ತದೆ. ಅದರ ಸುತ್ತ ಎತ್ತರದ ಕಲ್ಲಂಚು ಕಟ್ಟಿ ದ್ವೀಪ ಮಾಡಿ, ಬಸ್ಸುಗಳು ಅದನ್ನೇ ಬಳಸಿಕೊಂಡು ತಿರುಗುವಂತೆ ಅಂಗಳದ ನಕ್ಷೆ ಬರೆಯಬಹುದು. ಕೆಳಗಿನ ಕೊಂಬೆಗಳನ್ನು ನಾಲ್ಕೂವರೆ ಮೀಟರಿನವರೆಗೆ ಒಂದೇ ಸಲ ಕತ್ತರಿಸದೆ ಎರಡು ಮೂರು ವರ್ಷದಲ್ಲಿ ಮೇಲೆತ್ತಬೇಕು. ಹುಣಸೆಯ ಮೇಲಿನ ದೆವ್ವಕ್ಕಿಂತ ಅದರ ಬುಡಕ್ಕೆ ಹಳೆಯ ಡೀಸೆಲ್, ಎಂಜಿನ್ ಆಯಿಲ್ ಸುರಿಯುವವರಿಗೆ ನಾನು ಹೆಚ್ಚು ಹೆದರುತ್ತೇನೆ.

ಕಾನೂನಿನ ಬಲ ಎಷ್ಟಿದೆ? ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ 1976ರ ಪ್ರಕಾರ ಸರ್ಕಾರಿ ಸಂಸ್ಥೆಯಾದರೂ ಬೇವು, ಹುಣಸೆಗಳನ್ನು ಕಡಿಯಲು ಅರಣ್ಯ ಇಲಾಖೆಯ ವೃಕ್ಷಾಧಿಕಾರಿಯ ಲಿಖಿತ ಅನುಮತಿ ಬೇಕು. 50ಕ್ಕಿಂತ ಹೆಚ್ಚು ಮರಗಳಿದ್ದರೆ ಸಾರ್ವಜನಿಕರ ಆಕ್ಷೇಪಣೆ ಕರೆಯಬೇಕು. ನಿಮ್ಮಲ್ಲಿ ಹದಿನಾಲ್ಕೇ ಇರುವುದರಿಂದ ಯಾರೂ ನಿಮ್ಮನ್ನು ಕೇಳುವುದಿಲ್ಲ, ನೀವಾಗಿಯೇ ಬರೆದು ಕೊಡಬೇಕು. ಇನ್ನೊಂದು ಕಡೆ, ಅಂಗವಿಕಲರ ಹಕ್ಕುಗಳ ಕಾಯ್ದೆ 2016 ಬಸ್ ನಿಲ್ದಾಣ, ರೈಲು ನಿಲ್ದಾಣಗಳು ಎಲ್ಲರೂ ಬಳಸುವಂತಿರಬೇಕು ಎನ್ನುತ್ತದೆ, ಮಾನದಂಡ ಪಾಲಿಸದ ನಕ್ಷೆಗೆ ಕಟ್ಟಲು ಅನುಮತಿಯೇ ಸಿಗಬಾರದು ಎನ್ನುತ್ತದೆ. ರಾಜೀವ್ ರಾತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ನವೆಂಬರ್‌ನಲ್ಲಿ, ಇಂಥ ಮಾನದಂಡಗಳು ಬರಿಯ ಶಿಫಾರಸಾಗಿ ಉಳಿಯಬಾರದು, ಕಡ್ಡಾಯವಾಗಬೇಕು ಎಂದಿತು. ಅಂದರೆ ರ‍್ಯಾಂಪ್ ನಿಮಗೆ ಯಾರೋ ಮರದ ಬದಲಿಗೆ ಕೊಡುವ ಉಪಕಾರ ಅಲ್ಲ, ಮರ ಇದ್ದರೂ ಇಲ್ಲದಿದ್ದರೂ ಅದನ್ನು ಕಟ್ಟಲೇಬೇಕು. 'ಮರ ಬೇಕೋ ರ‍್ಯಾಂಪ್ ಬೇಕೋ' ಎಂಬ ಪ್ರಶ್ನೆಯನ್ನು ಬರಹದಲ್ಲಿ ಕೇಳಲು ಹೇಳಿ, ಯಾವ ಅಧಿಕಾರಿಯೂ ಕೇಳುವುದಿಲ್ಲ.

ಇದೇ ಗೊಂದಲ ರೈಲು ನಿಲ್ದಾಣದ್ದಾಗಿದ್ದರೆ ವಿಳಾಸ ಬೇರೆ. ಆ ನಿಲ್ದಾಣ ಯಾವ ರೈಲ್ವೆ ವಿಭಾಗಕ್ಕೆ ಸೇರಿದೆಯೋ ಅದರ ವಿಭಾಗೀಯ ವ್ಯವಸ್ಥಾಪಕರಿಗೆ ಬರೆಯಬೇಕು.

ನಿಮ್ಮ ನಿಲ್ದಾಣಕ್ಕೆ ಮೊದಲು ಮಾಹಿತಿ ಹಕ್ಕಿನ ಅರ್ಜಿ ಹಾಕಿ, ಉತ್ತರಕ್ಕೆ 30 ದಿನ. ಮೂರೇ ಕಾಗದ ಕೇಳಿ: ನೆಲದ ಈಗಿನ ಮತ್ತು ಮುಂದಿನ ಮಟ್ಟ ತೋರಿಸುವ ನಕ್ಷೆ, ಮರಗಳನ್ನು ಗುರುತಿಸಿದ ನಕ್ಷೆ, ವೃಕ್ಷಾಧಿಕಾರಿಗೆ ಸಲ್ಲಿಸಿದ ಅರ್ಜಿಯ ಪ್ರತಿ. ಎರಡನೆಯದು ಇಲ್ಲ ಎಂಬ ಉತ್ತರ ಬಂದರೆ ಆಶ್ಚರ್ಯಪಡಬೇಡಿ, ಆ ಉತ್ತರವನ್ನೇ ಮನವಿಗೆ ಲಗತ್ತಿಸಿ. ಬಳಿಕ ಹುಡುಗರ ಮನವಿಯನ್ನು ತಿದ್ದಿ ಹೀಗೆ ಬರೆಯಿರಿ: ಗೇಟಿನಿಂದ ಪ್ಲಾಟ್‌ಫಾರ್ಮಿಗೆ ಅಡ್ಡಿಯಿಲ್ಲದ 1.8 ಮೀಟರ್ ದಾರಿ ಮತ್ತು ಇಪ್ಪತ್ತಕ್ಕೆ ಒಂದರ ರ‍್ಯಾಂಪ್ ಬೇವಿನ ಸಾಲಿನ ನೆರಳಿನಲ್ಲಿ ಬೇಕು. ಆ ಪಟ್ಟಿಯಲ್ಲಿ ನೆಲ ಎತ್ತರಿಸಬಾರದು. ಗುಲ್‌ಮೊಹರ್, ಸುಬಾಬುಲ್ ತೆಗೆಯಲು ನಮ್ಮ ಅಭ್ಯಂತರವಿಲ್ಲ. ಒಂದು ಪ್ರತಿ ನಿಲ್ದಾಣ ಕಟ್ಟುವ ಸಂಸ್ಥೆಯ ಕಾರ್ಯಪಾಲಕ ಎಂಜಿನಿಯರ್‌ಗೆ, ಒಂದು ವೃಕ್ಷಾಧಿಕಾರಿಗೆ, ಒಂದು ಜಿಲ್ಲಾಧಿಕಾರಿಗೆ, ಒಂದು ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ. ಯಜಮಾನರ ಸಹಿ ಮೊದಲನೆಯದಾಗಿರಲಿ.

ಟೆಂಡರ್ ಆಗುವ ಮುನ್ನ ಇದು ತಲುಪಬೇಕು. ಮರದ ಸುತ್ತ ಬೇಲಿ, ಕೈಯಿಂದ ಅಗೆತ, ಕೇಬಲ್ ಮತ್ತು ಚರಂಡಿಯ ಕಾಲುವೆ ಬೇವಿನ ಸಾಲಿನ ಪಕ್ಕ ಹೋಗದಿರುವುದು, ಮರಕ್ಕೆ ಧಕ್ಕೆಯಾದರೆ ದಂಡ — ಇವೆಲ್ಲ ಕಾಮಗಾರಿಯ ದರಪಟ್ಟಿಯಲ್ಲಿ ಬರೆದಿರಬೇಕು. ಬಾಯಿಮಾತಿನಲ್ಲಿ ಒಪ್ಪಿಕೊಂಡದ್ದು ಜೆಸಿಬಿ ಚಾಲಕನಿಗೆ ತಲುಪುವುದಿಲ್ಲ. ಕಟ್ಟಡಕ್ಕಿಂತ ಹೆಚ್ಚು ಮರಗಳನ್ನು ಕೊಂದಿರುವುದು ಕೊನೆಯ ತಿಂಗಳು ಅವಸರದಲ್ಲಿ ತೋಡುವ ಕೇಬಲ್ ಕಾಲುವೆ.

ಅಷ್ಟರಲ್ಲಿ ಎರಡು ಅಳತೆ ನೀವೇ ಮಾಡಿಸಿ. ಪ್ರತಿ ಮರದ ಸುತ್ತಳತೆಯನ್ನು ನೆಲದಿಂದ ನಾಲ್ಕೂವರೆ ಅಡಿ ಎತ್ತರದಲ್ಲಿ ಟೇಪಿನಿಂದ ತೆಗೆದು ಬರೆದಿಟ್ಟುಕೊಳ್ಳಿ. ಗುರುತಿನ ಗೌಂಡಿಯೊಬ್ಬರನ್ನು ಕರೆದು, ಅವರ ಬಳಿ ಇರುವ ನೀರು ತುಂಬಿದ ಲೆವೆಲ್ ಪೈಪಿನಿಂದ ಬೇವಿನ ಬುಡ, ಮುಂದಿನ ರಸ್ತೆ, ಚರಂಡಿಯ ತಳ, ಈ ಮೂರರ ಎತ್ತರದ ವ್ಯತ್ಯಾಸ ನೋಡಿಸಿ. ಅರ್ಧ ದಿನದ ಕೆಲಸ. ಚರಂಡಿಯ ಅಳತೆ ತೆಗೆಯುವ ಮುನ್ನ ಹೂಳನ್ನು ಕೋಲಿನಿಂದ ಚುಚ್ಚಿ ನಿಜವಾದ ತಳ ಎಲ್ಲಿದೆಯೆಂದು ಖಚಿತಪಡಿಸಿಕೊಳ್ಳಲು ಹೇಳಿ. ಆ ಅಂಕಿಗಳನ್ನು ಕಳುಹಿಸಿದರೆ ಎರಡೂವರೆ ಅಡಿಯಲ್ಲಿ ಎಷ್ಟು ನಿಜಕ್ಕೂ ಬೇಕು ಎಂಬುದನ್ನು ಲೆಕ್ಕ ಹಾಕಿ ತಿಳಿಸುತ್ತೇನೆ.